ಅವರ ಜೊತೆ ನಾವೂ ಹೋಗಬಹುದೇ?

ಪ್ರಶ್ನೆ: ನಾನು ನಮ್ಮೂರಿನ ಸ್ತ್ರೀಶಕ್ತಿ ಸಂಘದ ಪ್ರತಿನಿಧಿ. ಸಂಘದ ಸದಸ್ಯೆಯೊಬ್ಬರಿಗೆ ಗಂಡ ವರ್ಷಗಳಿಂದ ಹೊಡೆಯುತ್ತಿದ್ದಾನೆ. ರಾತ್ರಿ ಬಲಾತ್ಕಾರವನ್ನೂ ಮಾಡುತ್ತಾನೆಂದು ಈಚೆಗೆ ನನ್ನೊಬ್ಬಳಿಗೇ ಹೇಳಿಕೊಂಡರು. ಕಳೆದ ವಾರದ ಸಭೆಯಲ್ಲಿ ಬಲಗೈ ಎತ್ತಲಾಗದೆ, ಎಡಗೈಯ ಹೆಬ್ಬೆಟ್ಟು ಒತ್ತುತ್ತೇನೆ ಎಂದರು. ಅವರು ಎಸ್ಸೆಸ್ಸೆಲ್ಸಿ ಓದಿದವರು. ಹಿಂದೊಮ್ಮೆ ಠಾಣೆಗೆ ಹೋದಾಗ ಗಂಡನಿಂದ ಮುಚ್ಚಳಿಕೆ ಬರೆಸಿಕೊಂಡು ಇಬ್ಬರನ್ನೂ ಒಟ್ಟಿಗೇ ಮನೆಗೆ ಕಳಿಸಿದ್ದರು. ಆಸ್ಪತ್ರೆಯವರು 'ಬಿದ್ದು ಪೆಟ್ಟಾಯಿತು' ಎಂದು ಬರೆದುಕೊಂಡಿದ್ದರು. ಹೋದಲ್ಲೆಲ್ಲ ಮೊದಲಿನಿಂದ ಹೇಳಿ ಸಾಕಾಗಿದೆ, ಇನ್ನು ಎಲ್ಲಿಗೂ ಬರುವುದಿಲ್ಲ ಎನ್ನುತ್ತಾರೆ. ನಾವೇನು ಮಾಡಬಹುದು? ನಡುವೆ ಹೋದರೆ ನಮ್ಮ ಮೇಲೆ ಕೇಸಾಗುವುದೇ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಮೊದಲು ನಿಮ್ಮ ಭಯದ ಮಾತು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರ 4ನೇ ಕಲಮಿನ ಪ್ರಕಾರ ದೌರ್ಜನ್ಯ ನಡೆದಿದೆ ಅಥವಾ ನಡೆಯಬಹುದು ಎಂದು ನಂಬಲು ಕಾರಣವಿರುವ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು; ಸದುದ್ದೇಶದಿಂದ ತಿಳಿಸಿದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬರುವುದಿಲ್ಲ.

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು 'ಹೇಳಿ ಸಾಕಾಗಿದೆ' ಎಂಬ ಮಾತು. ಠಾಣೆ, ಆಸ್ಪತ್ರೆ, ಇಲಾಖೆ, ನ್ಯಾಯಾಲಯ ಎಲ್ಲವೂ ಇವೆ. ಒಂದರ ಕಾಗದ ಇನ್ನೊಂದಕ್ಕೆ ತಲುಪುವುದಿಲ್ಲವಾದ್ದರಿಂದ ಏಟು ತಿಂದವರೇ ಪ್ರತಿ ಮೇಜಿನ ಮುಂದೆ ಮತ್ತೆ ಎಲ್ಲವನ್ನೂ ಬಿಚ್ಚಿಡಬೇಕಾಗುತ್ತದೆ. ಆ ಭಾರವನ್ನು ನಿಮ್ಮ ಸಂಘ ಹೊರಬಹುದು. ಅವರ ಒಪ್ಪಿಗೆ ಪಡೆದು, ಯಾವ ದಿನ ಏನಾಯಿತು ಎಂಬುದನ್ನು ಅವರ ಮಾತಿನಲ್ಲೇ ಒಮ್ಮೆ ಬರೆದಿಡಿ. ಗಾಯದ ಫೋಟೊ, ಆಸ್ಪತ್ರೆ ಚೀಟಿ, ಮುಚ್ಚಳಿಕೆಯ ಪ್ರತಿ, ಆಧಾರ್, ರೇಷನ್ ಕಾರ್ಡ್, ಮದುವೆಯ ಫೋಟೊ ಎಲ್ಲವೂ ಒಂದೇ ಕವರಿನಲ್ಲಿರಲಿ. ಎಲ್ಲ ಕಡೆಗೂ ಒಬ್ಬರೇ, ಸಾಧ್ಯವಾದರೆ ನೀವೇ, ಜೊತೆಗೆ ಹೋಗಿ.

ಹೋಗಬೇಕಾದ ಮೊದಲ ಜಾಗ ನಿಮಗೆ ಹೊಸದೇನಲ್ಲ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರೇ ಸಂರಕ್ಷಣಾಧಿಕಾರಿ. ಅಂಗನವಾಡಿಗಳನ್ನೂ ನಿಮ್ಮಂಥ ಸಂಘಗಳನ್ನೂ ನೋಡಿಕೊಳ್ಳುವ ಅದೇ ಇಲಾಖೆ. ನಡೆದ ದೌರ್ಜನ್ಯವನ್ನು ದಾಖಲಿಸುವ ಕೌಟುಂಬಿಕ ಘಟನಾ ವರದಿಯನ್ನು ಮ್ಯಾಜಿಸ್ಟ್ರೇಟರಿಗೆ ಕಳಿಸುವುದು, ಉಚಿತ ಕಾನೂನು ನೆರವು, ವೈದ್ಯಕೀಯ ತಪಾಸಣೆ, ಬೇಕಾದರೆ ಆಶ್ರಯ ಕೊಡಿಸುವುದು ಅವರ ಕರ್ತವ್ಯವೇ ಹೊರತು ಉಪಕಾರವಲ್ಲ. ಕೈ ಎತ್ತಲಾಗುತ್ತಿಲ್ಲ ಎಂದಿದ್ದೀರಿ, ಆದ್ದರಿಂದ ಆಸ್ಪತ್ರೆಗೆ ತಡಮಾಡಬೇಡಿ. ಗಂಡ ಹೊರಗಿರುವಾಗಲೇ ಹೊಡೆದವರು ಯಾರೆಂದು ವೈದ್ಯರಿಗೆ ಹೇಳಿ, ಅದನ್ನು ಬರೆಸಿ. ಜಿಲ್ಲಾ ಕೇಂದ್ರದ 'ಸಖಿ' ಒನ್ ಸ್ಟಾಪ್ ಸೆಂಟರ್‌ನಲ್ಲಿ ಚಿಕಿತ್ಸೆ, ಆಪ್ತ ಸಮಾಲೋಚನೆ, ಪೊಲೀಸ್ ಮತ್ತು ವಕೀಲರ ನೆರವು, ಕೆಲವು ದಿನಗಳ ವಸತಿ ಒಂದೆಡೆ ದೊರೆಯಬೇಕೆಂಬುದೇ ಆ ಯೋಜನೆಯ ಉದ್ದೇಶ.

ರಾತ್ರಿಯ ವಿಷಯವನ್ನು ನಾಚಿಕೆಯಿಂದ ಬಿಟ್ಟುಬಿಡಬೇಡಿ. ವಯಸ್ಕ ಪತ್ನಿಯ ಮೇಲೆ ಪತಿ ನಡೆಸುವ ಬಲಾತ್ಕಾರವನ್ನು ಭಾರತೀಯ ನ್ಯಾಯ ಸಂಹಿತೆ ಇಂದಿಗೂ ಅತ್ಯಾಚಾರವೆಂದು ಎಣಿಸುವುದಿಲ್ಲ; ಈ ವಿನಾಯಿತಿ ಇರಲೇಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ 2005ರ ಕಾಯ್ದೆ ಲೈಂಗಿಕ ದೌರ್ಜನ್ಯವನ್ನೂ ಕೌಟುಂಬಿಕ ದೌರ್ಜನ್ಯವೆಂದೇ ಹೇಳುತ್ತದೆ, ಆದ್ದರಿಂದ ವರದಿಯಲ್ಲಿ ಅದು ಇರಲೇಬೇಕು.

ಮ್ಯಾಜಿಸ್ಟ್ರೇಟರಿಗೆ ಸಲ್ಲಿಸುವ ಅರ್ಜಿಯ ಜೊತೆಗೇ, ತೀರ್ಮಾನವಾಗುವವರೆಗಿನ ಮಧ್ಯಂತರ ಆದೇಶವನ್ನೂ ಕೇಳಿ, ಏಕೆಂದರೆ ಅರುವತ್ತು ದಿನಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳಿದರೂ ವಾಯಿದೆಗಳು ಮುಂದೆ ಹೋಗುತ್ತಲೇ ಇರುತ್ತವೆ. ಮನೆ ಗಂಡನ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಅವರಿಗಿದೆ. ಗಂಡನೇ ಹೊರಗಿರಬೇಕೆಂದೂ ನ್ಯಾಯಾಲಯ ಆದೇಶಿಸಬಹುದು. ರಕ್ಷಣಾ ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಠಾಣೆಯ ಮುಚ್ಚಳಿಕೆಗೆ ಆ ಬಲವಿಲ್ಲ.

ಒಂದು ಎಚ್ಚರಿಕೆ. ಸಂಘವೇ ಕೂತು ರಾಜಿ ಪಂಚಾಯಿತಿ ಮಾಡಬಾರದು. ಹತ್ತು ಜನರ ಮುಂದೆ ತಲೆತಗ್ಗಿಸಿದ ಗಂಡ ಮನೆಗೆ ಹೋಗಿ ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುತ್ತಾನೆಂದು ನಿಮಗೆ ಗೊತ್ತು. ಯಾವ ಹೆಜ್ಜೆ, ಯಾವಾಗ ಎಂಬುದನ್ನು ಅವರೇ ನಿರ್ಧರಿಸಲಿ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ನಿಮ್ಮ ಸಂಘದಲ್ಲೂ ಇವರೊಬ್ಬರೇ ಇರಲಾರರು.

ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಎರಡನ್ನೂ ಅವರಿಗೆ ಬಾಯಿಪಾಠ ಮಾಡಿಸಿ. ರಾತ್ರಿ ಓಡಿಬರುವ ಸಂದರ್ಭ ಬಂದರೆ ಯಾರ ಮನೆಯ ಬಾಗಿಲು ತಟ್ಟಬೇಕೆಂಬುದನ್ನು ಈ ವಾರವೇ ಗೊತ್ತುಮಾಡಿಕೊಂಡು, ಆ ಕವರನ್ನು ಅದೇ ಮನೆಯಲ್ಲಿ ಇಡಿ.