ಆಕಾಶದ ಎಮು ನಮಗೆ ಯಾಕೆ ಕಾಣಲಿಲ್ಲ?

ಪ್ರಶ್ನೆ: ನಾವು ಸಿಡ್ನಿಯಲ್ಲಿದ್ದೇವೆ. ಮಗಳ ಶಾಲೆಯಲ್ಲಿ ಮೂಲನಿವಾಸಿಗಳ ‘ಆಕಾಶದ ಎಮು’ ಬಗ್ಗೆ ಹೇಳಿಕೊಟ್ಟರಂತೆ. ಮನೆ ಹಿತ್ತಲಿನಿಂದ ಎಷ್ಟು ಹುಡುಕಿದರೂ ಸಿಗಲಿಲ್ಲ. ಯಾವ ನಕ್ಷತ್ರಗಳನ್ನು ಸೇರಿಸಬೇಕು? ಜುಲೈ ರಜೆಗೆ ಮೊದಲು ಟೆಲಿಸ್ಕೋಪ್ ಕೊಳ್ಳಬೇಕಾ?

ಉತ್ತರ: ಯಾವ ನಕ್ಷತ್ರವನ್ನೂ ಸೇರಿಸಬೇಡಿ. ಈ ಎಮು ಇರುವುದು ಕತ್ತಲಲ್ಲಿ. ಆಕಾಶಗಂಗೆಯ ಬಿಳಿ ಪಟ್ಟಿಯ ಮೇಲೆ ಅಲ್ಲಲ್ಲಿ ಕಪ್ಪು ಕಲೆಗಳಿವೆ, ಅವೇ ಸೇರಿ ಎಮು ಹಕ್ಕಿಯ ಆಕಾರವಾಗುತ್ತದೆ. ಅವು ಖಾಲಿ ಜಾಗವಲ್ಲ, ಹಿಂದಿನ ನಕ್ಷತ್ರಗಳ ಬೆಳಕನ್ನು ತಡೆಯುವ ದೂಳಿನ ಮೋಡಗಳು. ಊರಿನ ದೀಪಗಳಿಗೆ ಆಕಾಶಗಂಗೆಯೇ ಮಾಯವಾದರೆ ಅದರ ಮೇಲಿನ ಕಪ್ಪು ಎಲ್ಲಿ ಕಾಣಬೇಕು?

ಟೆಲಿಸ್ಕೋಪ್ ಸುಮ್ನೆ ಖರ್ಚು. ಅದರಲ್ಲಿ ಆಕಾಶದ ಚೂರು ಮಾತ್ರ ಕಾಣುತ್ತದೆ, ಎಮು ಅರ್ಧ ಆಕಾಶಕ್ಕೆ ಚಾಚಿಕೊಂಡಿದೆ. ಆ ದುಡ್ಡಿನಲ್ಲಿ ಕೂನಬರಾಬ್ರನ್ ಹತ್ತಿರದ ವಾರಂಬಂಗಲ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಬನ್ನಿ. 2016ರಲ್ಲಿ ಆಸ್ಟ್ರೇಲಿಯಾದ ಮೊದಲ ‘ಡಾರ್ಕ್ ಸ್ಕೈ ಪಾರ್ಕ್’, ಅಂದರೆ ರಾತ್ರಿಯ ಕತ್ತಲನ್ನು ಕಾಪಾಡುವ ಉದ್ಯಾನ, ಆದ ಜಾಗ ಅದು. ಅಮಾವಾಸ್ಯೆಯ ಆಸುಪಾಸು ನೋಡಿಕೊಳ್ಳಿ. ಸ್ವೆಟರ್ ಜಾಸ್ತಿ ಇರಲಿ. ಮೊಬೈಲ್ ಜೇಬಿನಲ್ಲೇ ಇರಲಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು.

ಜುಲೈ ಮೊದಲ ವಾರ ರಾತ್ರಿ ಒಂಬತ್ತರ ಹೊತ್ತಿಗೆ ನೈಋತ್ಯಕ್ಕೆ ತಿರುಗಿ, ಶಿಲುಬೆಯಾಕಾರದ ಸದರ್ನ್ ಕ್ರಾಸ್ ನಕ್ಷತ್ರಪುಂಜ ಹುಡುಕಿ. ಅದಕ್ಕೆ ಅಂಟಿಕೊಂಡಿರುವ ಕಪ್ಪು ಮಚ್ಚೆ, ಅಂದರೆ ಕೋಲ್‌ಸ್ಯಾಕ್, ಎಮುವಿನ ತಲೆ. ಪಕ್ಕದ ಎರಡು ಹೊಳೆಯುವ ನಕ್ಷತ್ರಗಳ ಕಡೆಗೆ ಹೋಗುವ ಕಪ್ಪು ಗೆರೆ ಕುತ್ತಿಗೆ. ನೆತ್ತಿಯ ಮೇಲೆ ವೃಶ್ಚಿಕ, ಧನು ರಾಶಿಗಳ ಹತ್ತಿರ ಉಬ್ಬಿಕೊಂಡಿರುವುದು ಮೈ. ಒಮ್ಮೆ ಕಂಡರೆ ಆಮೇಲೆ ಅದನ್ನು ನೋಡದೇ ಇರುವುದೇ ಕಷ್ಟ!

ಇದು ಬರೀ ಚಿತ್ರವಲ್ಲ, ಕ್ಯಾಲೆಂಡರ್ ಕೂಡ. ನ್ಯೂ ಸೌತ್ ವೇಲ್ಸ್‌ನ ಉತ್ತರ ಭಾಗದ ಕಮಿಲರಾಯ್ ಮತ್ತು ಯುವಾಲಾಯಿ ಜನರಿಗೆ ಏಪ್ರಿಲ್–ಮೇ ಸಂಜೆಯ ಎಮು ಓಡುತ್ತಿರುವ ಎಮು. ನೆಲದ ಮೇಲೂ ಆಗ ಹೆಣ್ಣು ಎಮುಗಳು ಗಂಡಿನ ಹಿಂದೆ ಓಡುವ ಕಾಲ. ಜೂನ್–ಜುಲೈಗೆ ಕಾಲುಗಳು ಕಾಣಿಸುವುದಿಲ್ಲ, ಎಮು ಗೂಡಿನಲ್ಲಿ ಕೂತಿದೆ ಎನ್ನುತ್ತಾರೆ. ಕೂತಿರುವುದು ಗಂಡು. ಎಮುಗಳಲ್ಲಿ ಕಾವು ಕೊಡುವುದು ಅಪ್ಪನ ಕೆಲಸ, ಸುಮಾರು ಎಂಟು ವಾರ, ಹೆಚ್ಚುಕಡಿಮೆ ಉಪವಾಸ. ಮೊಟ್ಟೆ ಆರಿಸಲು ಯಾವಾಗ ಹೋಗಬೇಕು ಎಂಬ ಲೆಕ್ಕವೂ ಇದರಲ್ಲೇ ಇತ್ತು. ಮಗಳಿಗೆ ಇದನ್ನು ಹೇಳಿ, ರಾಶಿಗಳ ಪಟ್ಟಿಗಿಂತ ಚೆನ್ನಾಗಿ ನೆನಪಿರುತ್ತದೆ.

ಕ್ರಾಸ್‌ನ ಐದನೇ, ಮಂಕಾದ ನಕ್ಷತ್ರವನ್ನೂ ತೋರಿಸಿ. 2017ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಅದಕ್ಕೆ ಒಪ್ಪಿದ ಹೆಸರು ‘ಗಿನನ್’, ನಾರ್ದರ್ನ್ ಟೆರಿಟರಿಯ ವಾರ್ಡಮನ್ ಜನರದ್ದು.

ಪ್ರಶ್ನೆ: ಶಿವಮೊಗ್ಗದಿಂದ ಈ ಎಮು ಕಾಣುತ್ತದಾ?

ಉತ್ತರ: ಪೂರ್ತಿ ಇಲ್ಲ. ಸದರ್ನ್ ಕ್ರಾಸ್ ನಮ್ಮಲ್ಲಿ ದಿಗಂತದಿಂದ ಹದಿನಾರು ಡಿಗ್ರಿ ಏರಿದರೆ ಹೆಚ್ಚು. ಹಾಗಾಗಿ ತಲೆ ಮಬ್ಬಿನಲ್ಲೇ ಕಳೆದುಹೋಗುತ್ತದೆ. ಮೈ ನೋಡಬೇಕೆಂದರೆ ಮೇ ತಿಂಗಳ ನಡುರಾತ್ರಿ, ಊರಾಚೆ, ದಕ್ಷಿಣಕ್ಕೆ ತಿರುಗಿ ಕೂರಿ. ಜುಲೈವರೆಗೆ ಕಾಯಬೇಡಿ, ಆಗ ಮಲೆನಾಡಿನಲ್ಲಿ ಮೋಡ ಬಿಟ್ಟರೆ ತಾನೇ?