ಡೈರೆಕ್ಟರ್ ಮೂರು ತಿಂಗಳು ರಜೆ ಹೋಗೋದು ಸರಿನಾ ಅಂತ ಕೇಳಿದ ತಂಗಿಗೆ

ತಂಗಿ,

ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ಗೆ ಬಂದು ಆರೇ ತಿಂಗಳಲ್ಲಿ ಬಾಡಿಗೆದಾರರ ಪರ ನಿಲ್ಲುವ ಸಂಸ್ಥೆಯಲ್ಲಿ ಕೆಲಸ ಸಿಕ್ಕಿದ್ದು ತುಂಬಾ ಖುಷಿ. ನಿಮ್ಮ ಡೈರೆಕ್ಟರ್, ಆ ಕಪ್ಪು ಹೆಣ್ಣುಮಗಳು, ಸಂಬಳದ ಸಮೇತ ಮೂರು ತಿಂಗಳು ರಜೆ ಹೋಗುತ್ತಿದ್ದಾರೆ ಅಂತ ಬರೆದಿದ್ದೀಯ. "ಇಷ್ಟು ಜನ ಮನೆ ಕಳೆದುಕೊಳ್ಳುತ್ತಿರುವಾಗ ಇದು ಸರಿನಾ ಅಕ್ಕಾ?" ಅಂತ ಕೇಳಿದ್ದೀಯ. ಬಿಳಿಯರಲ್ಲದವರಿಗಾಗಿಯೇ ನಡೆಸುವ, ಒಟ್ಟಿಗೆ ಕೂತು ನೋವು ಹೇಳಿಕೊಳ್ಳುವ ಹೀಲಿಂಗ್ ಸರ್ಕಲ್‌ಗೆ ನೀನೂ ಹೋಗಬಹುದಾ, ನೀನೇ ರಜೆ ಕೇಳಿದರೆ ವೀಸಾಕ್ಕೆ ತೊಂದರೆಯಾ ಅನ್ನುವುದು ಉಳಿದೆರಡು.

ರಜೆ ಹೋಗುವುದು ಖಂಡಿತ ಸರಿ. ಅವರ ಕೆಲಸ ಆಫೀಸಿನ ಬಾಗಿಲು ಹಾಕಿದ ಮೇಲೂ ಮುಗಿಯುವುದಿಲ್ಲ. ಮನೆ ಖಾಲಿ ಮಾಡಿ ಅಂತ ನೋಟಿಸ್ ಬಂದವರು ರಾತ್ರಿ ಹತ್ತಕ್ಕೆ ಫೋನ್ ಮಾಡುವುದು ಅವರಿಗೇ. ಅದೇ ನೋಟಿಸ್ ಅವರ ಸ್ವಂತ ಚಿಕ್ಕಮ್ಮನಿಗೂ ಬಂದಿರಬಹುದು. ಬೆಳಗಾದರೆ ದುಡ್ಡು ಕೊಡುವವರ ಮುಂದೆ ಇದನ್ನೆಲ್ಲ ನಗುಮುಖದಿಂದ ವಿವರಿಸಬೇಕು. ವರ್ಣಭೇದವನ್ನು ವರ್ಷಗಟ್ಟಲೆ ಸಹಿಸಿದರೆ ದೇಹವೇ ಬೇಗ ಸವೆಯುತ್ತದೆ ಅಂತ ಆರ್ಲೀನ್ ಜೆರೋನಿಮಸ್ ಅನ್ನುವ ಸಂಶೋಧಕಿ 1992ರಲ್ಲೇ ಬರೆದರು.

ಎರಿಕಾ ಗಾರ್ನರ್ ಹೆಸರು ಕೇಳಿದ್ದೀಯಾ? 2014ರಲ್ಲಿ ನ್ಯೂಯಾರ್ಕ್ ಪೊಲೀಸರು ಕುತ್ತಿಗೆ ಅದುಮಿ ಹಿಡಿದಾಗ ಸತ್ತ ಎರಿಕ್ ಗಾರ್ನರ್ ಅವರ ಮಗಳು. ಅಪ್ಪನಿಗೆ ನ್ಯಾಯ ಕೇಳುತ್ತಾ ಬೀದಿಗಿಳಿದವಳು ನಿಲ್ಲಲೇ ಇಲ್ಲ. 2017ರ ಡಿಸೆಂಬರ್‌ನಲ್ಲಿ ಹೃದಯಾಘಾತದಿಂದ ಹೋದಳು. 27 ವರ್ಷ. ಮನೆಯಲ್ಲಿ ನಾಲ್ಕು ತಿಂಗಳ ಕೂಸು. ಅವಳಿಗಿಂತ ಮುಂಚೆ ಮಿಸಿಸಿಪ್ಪಿಯಲ್ಲಿ ವೋಟಿನ ಹಕ್ಕಿಗಾಗಿ ಹೋರಾಡಿದ ಫ್ಯಾನಿ ಲೂ ಹೇಮರ್. 1963ರಲ್ಲಿ ಜೈಲಿನಲ್ಲಿ ತಿಂದ ಹೊಡೆತದ ನೋವು ಕೊನೆಯವರೆಗೂ ಬಿಡಲಿಲ್ಲ, 59ಕ್ಕೇ ತೀರಿಕೊಂಡರು. ನಿಮ್ಮ ಡೈರೆಕ್ಟರ್‌ಗೆ ಈ ಹೆಸರುಗಳೆಲ್ಲ ಗೊತ್ತಿರುತ್ತವೆ. ಅವರು ರಜೆ ಕೇಳಿದ್ದನ್ನು ಹಾಗೆ ನೋಡು.

ಇದು ಈಗಿನ ಫ್ಯಾಷನ್ ಅಂತಲೂ ತಿಳಿಯಬೇಡ. ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡದೆ ಕೂತಿದ್ದು 1955ರ ಡಿಸೆಂಬರ್‌ನಲ್ಲಿ. ಅದೇ ವರ್ಷದ ಬೇಸಿಗೆಯಲ್ಲಿ ಅವರು ಟೆನೆಸಿಯ ಹೈಲ್ಯಾಂಡರ್ ಶಾಲೆಗೆ ಹೋಗಿದ್ದರು. ಹೋಗಿದ್ದು ಹೋರಾಟದ ತರಬೇತಿಗೆ. ಆದರೆ ಬೆಳಗ್ಗೆ ಕಾಫಿ, ತಿಂಡಿಯ ವಾಸನೆ ಬರುವಾಗ ಅದನ್ನು ಮಾಡುತ್ತಿರುವವರು ಬಿಳಿಯರು, ತಾನಲ್ಲ ಅನ್ನುವ ಸಂತೋಷವನ್ನು ಅವರು ಮುಂದೆ ನೆನೆಸಿಕೊಂಡಿದ್ದಾರೆ. ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಸಂಗಡಿಗರ ಜೊತೆ ಸೌತ್ ಕೆರೊಲಿನಾದ ಪೆನ್ ಸೆಂಟರ್ ಅನ್ನುವ ಶಾಂತ ಜಾಗಕ್ಕೆ ಹೋಗಿ ಉಳಿಯುತ್ತಿದ್ದರು. ಅಂದಹಾಗೆ ರೋಸಾ ಪಾರ್ಕ್ಸ್ ಯೋಗ ಮಾಡುತ್ತಿದ್ದರು, ಗೊತ್ತಾ? 1973ರ ಫೋಟೋ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ನೋಡಿದರೆ ಮನಸ್ಸು ತುಂಬಿ ಬರುತ್ತದೆ. 2016ರಲ್ಲಿ ಅಟ್ಲಾಂಟಾದ ಟ್ರಿಷಿಯಾ ಹರ್ಸಿ 'ನ್ಯಾಪ್ ಮಿನಿಸ್ಟ್ರಿ' ಶುರು ಮಾಡಿ, ಜನರನ್ನು ಒಟ್ಟಿಗೆ ಚಾಪೆ, ದಿಂಬುಗಳ ಮೇಲೆ ಮಲಗಿಸಿದರು. ಗುಲಾಮಗಿರಿ ಕಿತ್ತುಕೊಂಡ ನಿದ್ದೆಯನ್ನು ವಾಪಸ್ ಪಡೆಯುವುದೂ ಹೋರಾಟವೇ ಅನ್ನುವುದು ಅವರ ವಾದ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿ. ದುಡ್ಡಿಲ್ಲದ ವಿಶ್ರಾಂತಿ ಬರೀ ಬಾಯಿಮಾತು. ಲಾಸ್ ಏಂಜಲಿಸ್‌ನ ಡರ್ಫೀ ಫೌಂಡೇಶನ್ 1997ರಿಂದ ಸಂಸ್ಥೆಗಳ ಮುಖ್ಯಸ್ಥರಿಗೆ ಇಂಥ ದೀರ್ಘ ರಜೆಗೆ ಹಣ ಕೊಡುತ್ತಾ ಬಂದಿದೆ. ಹಾಗಿರಬೇಕು. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ವಾರಕ್ಕೊಂದು ಯೋಗ ಕ್ಲಾಸ್ ಇಟ್ಟು, ಭಾನುವಾರವೂ ಫೋನ್ ಮಾಡುತ್ತಿದ್ದರು. ಅದರಿಂದ ಯಾರೂ ಚೇತರಿಸಿಕೊಳ್ಳಲಿಲ್ಲ. ನೀವು ಮಾಡಬೇಕಾದದ್ದು ಇಷ್ಟೇ: ಅವರು ಹೊರಡುವ ಮೊದಲೇ ಯಾವ ಕೆಲಸ ಯಾರದು, ಯಾವ ತೀರ್ಮಾನ ಯಾರದು ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಅವರಿಗೆ ಫೋನ್ ಬೇಡ, "ಒಂದೇ ಒಂದು ಡೌಟು" ಅನ್ನುವ ಮೆಸೇಜೂ ಬೇಡ.

ನಿನ್ನ ರಜೆ ವಿಷಯ ಬೇಗ ಮುಗಿಸುತ್ತೇನೆ. ಸಂಬಳದ ವಾರ್ಷಿಕ ರಜೆ ಕೊಡಲೇಬೇಕು ಅನ್ನುವ ಕಾನೂನು ಅಮೆರಿಕದ ಕೇಂದ್ರ ಸರ್ಕಾರದಲ್ಲಿ ಇಲ್ಲ. 1993ರ ಕಾನೂನು ಕಾಯಿಲೆ, ಬಾಣಂತನದಂಥ ಕಾರಣಕ್ಕೆ 12 ವಾರ ಸಂಬಳವಿಲ್ಲದ ರಜೆ ಕೊಡುತ್ತದೆ, ಆದರೆ ಅದೇ ಸಂಸ್ಥೆಯಲ್ಲಿ ಒಂದು ವರ್ಷ ದುಡಿದಿರಬೇಕು. ಕ್ಯಾಲಿಫೋರ್ನಿಯಾದಲ್ಲಿ 2024ರಿಂದ ವರ್ಷಕ್ಕೆ ಕನಿಷ್ಠ 5 ದಿನ ಸಂಬಳದ ಸಿಕ್ ಲೀವ್ ಇದೆ. ನಿನ್ನದು ಎಚ್-4 ವೀಸಾ, ಅದು ನಿಂತಿರುವುದು ನಿನ್ನ ಗಂಡನ ಕೆಲಸದ ವೀಸಾ ಎಚ್-1ಬಿ ಮೇಲೆ. ನೀನು ರಜೆ ಹಾಕಿದರೆ ವೀಸಾಕ್ಕೆ ಏನೂ ಆಗುವುದಿಲ್ಲ. ನಿನ್ನ ಗಂಡ ದೀರ್ಘ ರಜೆ ಹಾಕುವುದಾದರೆ ಮಾತ್ರ ಮೊದಲು ಲಾಯರ್‌ನ ಕೇಳಲಿ.

ಇನ್ನು ಸರ್ಕಲ್. ಧೈರ್ಯವಾಗಿ ಹೋಗು, ಕರೆದಿದ್ದಾರಲ್ವಾ. ಸಾಮಾನ್ಯವಾಗಿ ಸುತ್ತ ಕೂರುತ್ತಾರೆ, ಒಬ್ಬೊಬ್ಬರಾಗಿ ಮಾತಾಡುತ್ತಾರೆ. ಯಾರೂ ನಡುವೆ ಬಾಯಿ ಹಾಕುವುದಿಲ್ಲ, ಸಲಹೆ ಕೊಡುವುದಿಲ್ಲ, ಕೇಳಿದ್ದನ್ನು ಹೊರಗೆ ಆಡುವುದಿಲ್ಲ. ಕೆಲವರು ಅಳುತ್ತಾರೆ. ಸಮಾಧಾನ ಮಾಡಲು ಓಡಬೇಡ, ಸುಮ್ನೆ ಜೊತೆಗಿರು. ನಿಮ್ಮೂರಲ್ಲೇ ಈಸ್ಟ್ ಬೇ ಮೆಡಿಟೇಶನ್ ಸೆಂಟರ್ 2007ರಲ್ಲಿ ಶುರುವಾಯಿತು. ಬಿಳಿಯರಲ್ಲದವರ ಧ್ಯಾನದ ಗುಂಪಿಗೆ ಅದು ಹೆಸರುವಾಸಿ, ನಡೆಯುವುದು ದಾನದ ಮೇಲೆ.

ಅಲ್ಲಿ ನಮ್ಮ ಜಾಗ ಯಾವುದು ಅನ್ನುವುದು ನೆನಪಿರಲಿ. ನಮಗೂ ಇಲ್ಲಿ ಅವಮಾನ ಆಗುತ್ತದೆ, ಅದನ್ನು ಹೇಳಿಕೊಳ್ಳಬಹುದು. ಆದರೆ ನಾವು ಡಿಗ್ರಿ, ವೀಸಾ ಹಿಡಿದು ಬಂದವರು. ನಮ್ಮಂಥವರಿಗೆ ಈ ದೇಶದ ಬಾಗಿಲು ತೆರೆದ 1965ರ ವಲಸೆ ಕಾನೂನು ಬಂದದ್ದೂ ಕಪ್ಪು ಜನರ ಹಕ್ಕಿನ ಹೋರಾಟದ ಕಾಲದಲ್ಲೇ, ಅದರ ಬಲದಲ್ಲೇ. ನಮ್ಮವರ ಪಾರ್ಟಿಗಳಲ್ಲಿ ಕಪ್ಪು ಜನರಿರುವ ಕಡೆಯ ಬಗ್ಗೆ "ಆ ಏರಿಯಾ ಕಡೆ ಹೋಗಬೇಡಿ" ಅನ್ನುವ ಮಾತು ಕೇಳಿರುತ್ತೀಯ. ಆ ಏರಿಯಾದಲ್ಲಿ ಇರುವವರೇ ನಿನ್ನ ಪಕ್ಕದಲ್ಲಿ ಕೂತಿರುತ್ತಾರೆ. ಮೊದಲ ಸಲ ಜಾಸ್ತಿ ಕೇಳು, ಕಡಿಮೆ ಮಾತಾಡು. ಉಸಿರಾಟದ ಅಭ್ಯಾಸ ಮಾಡಿಸಿದರೆ "ಇದು ಪ್ರಾಣಾಯಾಮ, ನಮ್ಮದು" ಅಂತ ತಿದ್ದಲು ಹೋಗಬೇಡ.

ಸಡಿಲವಾದ ಬಟ್ಟೆ ಹಾಕಿಕೋ, ನೆಲದ ಮೇಲೆ ಕೂರುವುದಿರಬಹುದು. ಊಟ ತರಬೇಕು ಅಂದರೆ ಚಿತ್ರಾನ್ನ ಒಳ್ಳೆಯದು. ಕಡಲೆಬೀಜ ಮಾತ್ರ ಹಾಕಬೇಡ, ಇಲ್ಲಿ ಅದರ ಅಲರ್ಜಿ ಇರುವವರು ಜಾಸ್ತಿ.