ಡಾಕ್ಟರು ನೋಡೋ ಮುಂಚೆ ಹಸು ಹೂಳಬೇಡಿ

ಚರ್ಮಗಂಟು ರೋಗಕ್ಕೆ ಹಸು ಸತ್ತರೆ ಸರ್ಕಾರವೇ ಪರಿಹಾರ ಕೊಡುತ್ತಲ್ಲ, ವಿಮೆ ಯಾಕೆ ಕಟ್ಟಬೇಕು ಅಂತ ಕೇಳಿದ್ದೀರಿ. 2022ರಲ್ಲಿ ನಾನೂ ಇದೇ ಲೆಕ್ಕ ಹಾಕಿದ್ದೆ.

ನಮ್ಮದು ಮುಳಬಾಗಿಲು ತಾಲ್ಲೂಕು. ಕೊಟ್ಟಿಗೆಯಲ್ಲಿ ಮೂರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಅನ್ನೋ ಹಾಲಿನ ತಳಿ) ಹಸು. ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರ ಅಂತ ಆಗ ಸರ್ಕಾರ ಹೇಳಿತ್ತು. ಅದನ್ನೇ ನಂಬಿಕೊಂಡು, ಅವಧಿ ಮುಗಿದಿದ್ದ ವಿಮೆಯನ್ನು ಮತ್ತೆ ಕಟ್ಟಲಿಲ್ಲ. ದೊಡ್ಡ ಹಸುವಿಗೆ ಮೊದಲು ಜ್ವರ ಬಂತು, ಆಮೇಲೆ ಮೈತುಂಬ ಗಂಟು, ಕಾಲು ಊತ. ಹೊತ್ತಿಗೆ ಹತ್ತು ಲೀಟರ್ ಕರೀತಿದ್ದ ಹಸು ಹನ್ನೊಂದನೇ ದಿನ ಸಂಜೆ ಪ್ರಾಣ ಬಿಟ್ಟಿತು.

ಅವತ್ತು ಭಾನುವಾರ. ಡಾಕ್ಟರಿಗೆ ನಾನು ಫೋನೇ ಮಾಡಲಿಲ್ಲ. ರಜಾ ದಿನ, ಮೂರು ಆಸ್ಪತ್ರೆ ಒಬ್ಬರೇ ನೋಡ್ಕೋತಾರೆ, ಎಲ್ಲಿ ಬರ್ತಾರೆ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಉಳಿದ ಎರಡಕ್ಕೂ ಅಂಟುತ್ತೆ, ರಾತ್ರಿ ಇಡಬೇಡ ಅಂತ ಊರವರೂ ಅವಸರ ಮಾಡಿದರು. ಜೇಸಿಬಿ ಕರೆಸಿ, ಆಳವಾಗಿ ಗುಂಡಿ ತೆಗೆಸಿ, ಸುಣ್ಣ ಹಾಕಿ ಹೂತೆವು. ಗುರುತಿನ ನಂಬರ್ ಇರೋ ಕಿವಿ ಓಲೆ ಅದರ ಕಿವಿಯಲ್ಲೇ ಹೋಯಿತು. ಒಂದು ಫೋಟೋ ಕೂಡ ಇಲ್ಲ. ಓಲೆಯ ಹನ್ನೆರಡು ಅಂಕಿ ಎಲ್ಲೂ ಬರೆದಿಟ್ಟಿರಲಿಲ್ಲ.

ಸೋಮವಾರ ಪರಿಹಾರಕ್ಕೆ ಅಂತ ಪಶು ಆಸ್ಪತ್ರೆಗೆ ಹೋದರೆ ಡಾಕ್ಟರು ಕೇಳಿದ್ದು ಒಂದೇ ಮಾತು: "ನಿನ್ನೆ ಯಾಕಪ್ಪ ಫೋನ್ ಮಾಡಲಿಲ್ಲ? ಬರ್ತಿದ್ದೆನಲ್ಲ." ಕಣ್ಣಾರೆ ನೋಡದ ಹಸು ಈ ರೋಗಕ್ಕೇ ಸತ್ತಿತು ಅಂತ ಅವರು ಹೇಗೆ ಬರೆದುಕೊಡೋಕಾಗುತ್ತೆ? ಅವರದ್ದು ತಪ್ಪಿಲ್ಲ. ಈ ರೋಗ ಹರಡೋದು ಹೆಚ್ಚಾಗಿ ನೊಣ, ಸೊಳ್ಳೆ, ಉಣ್ಣಿಯಿಂದ. ಹಸುವನ್ನು ಕೊಟ್ಟಿಗೆಯಿಂದ ದೂರ ಎಳೆದು, ಟಾರ್ಪಾಲ್ ಮುಚ್ಚಿ ಬೆಳಗಿನವರೆಗೆ ಕಾದಿದ್ದರೆ ಸಾಕಿತ್ತು. ಮಾಡದ ಆ ಒಂದು ಫೋನಿಗೆ ನನ್ನ ಇಪ್ಪತ್ತು ಸಾವಿರ ಹೋಯಿತು. ಇವತ್ತಿಗೂ ಆ ಗುಂಡಿ ಹತ್ತಿರ ಹೋದರೆ ಅದೇ ನೆನಪು.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ನೀವು ಲೆಕ್ಕ ಶುರು ಮಾಡಿರೋದೇ ತಪ್ಪು ಕಡೆಯಿಂದ. ಆ ಹಸುವನ್ನು ನಾನು ತಂದಿದ್ದು 75,000ಕ್ಕೆ. ಪರಿಹಾರ ಪೂರ್ತಿ ಬಂದಿದ್ದರೂ ಇನ್ನೊಂದು ಹಸುವಿನ ಮೂರನೇ ಒಂದು ಭಾಗ ಆಗ್ತಿರಲಿಲ್ಲ. ಹಾಲು ಕೊಡೋ ಹಸುವಿಗೆ 37,500 ಅಂತ ಓದಿದ್ದೀರಲ್ಲ, ಅದು ವಿಪತ್ತು ಪರಿಹಾರ ನಿಧಿಯ ದರ. ಪ್ರವಾಹ, ಬೆಂಕಿಯಂಥ ವಿಪತ್ತಿಗೆ ಕೊಡೋದು, ಅದೂ ಮನೆಗೆ ಮೂರು ದೊಡ್ಡ ಜಾನುವಾರು ಮಾತ್ರ. ರೋಗಕ್ಕೆ ಅದು ಬರಲ್ಲ. ರೋಗದ ಪರಿಹಾರ ಸರ್ಕಾರ ಆಯಾ ಸಲ ಘೋಷಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ವಿಮೆಯಲ್ಲಾದರೆ 2024ರಲ್ಲಿ ಕೇಂದ್ರ ಮಾಡಿದ ಬದಲಾವಣೆ ಪ್ರಕಾರ ಕಂತಿನ ಶೇ. 15 ಮಾತ್ರ ರೈತನ ಪಾಲು. ಉಳಿದ ಎರಡು ಹಸುವಿಗೆ ಆಮೇಲೆ ನಾನು ಒಂದು ವರ್ಷವೂ ವಿಮೆ ತಪ್ಪಿಸಿಲ್ಲ. ಒಂದು ಮಾತು: ರೋಗ ಶುರುವಾದ ಹಸುವಿಗೆ ವಿಮೆ ಮಾಡಲ್ಲ, ಚೆನ್ನಾಗಿರುವಾಗಲೇ ಮಾಡಿಸಿ.

ಒಂದು ಹಸುವಿಗೆ ಆಗಲೇ ಗಂಟು ಎದ್ದಿದೆ ಅಂದಿರಿ. ಇವತ್ತೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಕಿವಿ ಓಲೆ ಇದೆಯಾ ನೋಡಿ, ನಂಬರ್ ಕಾಣುವ ಹಾಗೆ ಮುಖದ ಫೋಟೋ ತೆಗೆದಿಡಿ. ಬಿದ್ದುಹೋಗಿದ್ದರೆ ಡಾಕ್ಟರು ಬಂದಾಗಲೇ ಹೊಸದು ಹಾಕಿಸಿ.